ಆಯುಧಪೂಜೆಗೆ ಸಿಕ್ಕಿಬಿದ್ದ ವಿಮಾನ

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳಲು ಕೂತಳೆಂದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ. ಅಜ್ಜಿಗೆ ಆ ವಾಸನೆ ಆಗುವುದಿಲ್ಲ, ತಲೆನೋವು ಬರುತ್ತದೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ಸೊಸೆ ಪಾಪ, ಓಡಿಬಂದು ಕಿಟಕಿ ತೆರೆದು ಫ್ಯಾನು ಹಾಕುತ್ತಾಳೆ. ಇಷ್ಟು ವರ್ಷ ಸುಮ್ಮನಿದ್ದೆ, ಈಗ ಹೇಳಿಬಿಡುತ್ತೇನೆ. ಆ ವಾಸನೆ ನನಗೆ ಬಹಳ ಇಷ್ಟ. ಮಲ್ಲಿಗೆಗಿಂತ ಇಷ್ಟ. ಆದರೆ ಆ ವಾಸನೆಯ ಬೆನ್ನಿಗೇ ಒಂದು ಸಿಟ್ಟು ಬರುತ್ತದೆ. ಅದನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಹಿತ್ತಲಲ್ಲಿ ಕರಿಬೇವಿನ ಗಿಡದ ಒಣಗಿದ ಎಲೆ ಕೀಳುತ್ತಾ ನಿಲ್ಲುತ್ತೇನೆ.

ಮೊನ್ನೆ ಎದ್ದು ಹೋಗುವುದು ಸ್ವಲ್ಪ ತಡವಾಯಿತು. ಹುಡುಗಿ ಒಂದು ಸಲ ಹಚ್ಚಿ, ಊದಿ ಒಣಗಿಸಿ, ಮೇಲೆ ಮತ್ತೊಂದು ಸಲ ಹಚ್ಚಿ, ಬೆರಳುಗಳನ್ನು ನನ್ನ ಮುಖದ ಮುಂದೆ ಹಿಡಿದು, "ಅಜ್ಜಿ, ಇನ್ನೊಂದ್ ಕೋಟ್ ಹಾಕಿದ್ರೆ ರಿಚ್ಚಾಗಿ ಕಾಣತ್ತೆ ಅಲ್ವಾ?" ಎಂದಳು. "ಸಾಕು, ಮುಚ್ಚೇ ಬಾಟ್ಲು" ಎಂದು ಗದರಿಬಿಟ್ಟೆ. ಮಗು ಬೆಚ್ಚಿಬಿದ್ದಳು. ಸೊಸೆ ಅಡುಗೆಮನೆಯಿಂದ ಇಣುಕಿ ನೋಡಿದಳು. ಎಪ್ಪತ್ತು ದಾಟಿದ ಹೆಂಗಸು ಉಗುರುಬಣ್ಣಕ್ಕೆ ಇಷ್ಟು ರೇಗಬೇಕೇ ಎಂದು ನೀವೂ ಕೇಳುತ್ತೀರಿ. ರೇಗಬೇಕು. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಉಗುರುಬಣ್ಣದ ಆ ವಾಸನೆ ನನ್ನ ಕಾಲದಲ್ಲಿ ವಿಮಾನದ ವಾಸನೆಯಾಗಿತ್ತು. ನಗಬೇಡಿ. ನಾವೀಗ ಇರುವುದು ಬೂದಿಗೆರೆಯ ಹತ್ತಿರ. ತಲೆಯ ಮೇಲೆ ಹೊತ್ತುಗೊತ್ತಿಲ್ಲದೆ ವಿಮಾನಗಳು ಹೋಗುತ್ತವೆ. ಅವುಗಳಿಂದ ಸದ್ದು ಬರುತ್ತದೆ, ವಾಸನೆಯೇನೂ ಬರುವುದಿಲ್ಲ. ನಾನು ಹೇಳುತ್ತಿರುವುದು ತೊಡೆಯ ಮೇಲೆ ಇಟ್ಟುಕೊಂಡು ಬಣ್ಣ ಬಳಿಯಬಹುದಾದ ವಿಮಾನದ ಮಾತು. ಮೈಯೆಲ್ಲ ರೇಷ್ಮೆ ಬಟ್ಟೆಯದು. ಅದನ್ನು ಹೊದಿಸಿ, ಬಿಗಿದು, ಒಣಗಿಸಿದವಳು ನಾನು.

ನಮ್ಮದು ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ನೇಯುವ ಮನೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಗೆ ಯಜಮಾನರು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ನನ್ನನ್ನು ಅವರು ತಮ್ಮ ಹೆಣ್ಣುಮಕ್ಕಳಿಗಿಂತ ಒಂದು ತೂಕ ಹೆಚ್ಚಾಗಿಯೇ ನೋಡಿಕೊಂಡರು ಎಂದು ಈ ಸಿಟ್ಟಿನ ನಡುವೆಯೂ ಹೇಳಬೇಕು. ಅಪ್ಪನ ತಮ್ಮ ನಾಗರಾಜ ಚಿಕ್ಕಪ್ಪ ಮಗ್ಗ ಬಿಟ್ಟು ಹೊರಗೆ ದುಡಿಯಲು ಹೋದ ನಮ್ಮ ಮನೆಯ ಮೊದಲ ಗಂಡಸು. ಬೆಂಗಳೂರಿನ ದಾರಿಯಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಒಂದು ಶಾಲೆಯಿತ್ತು. ಅಲ್ಲಿ ಅವರು ವಿಮಾನ ತೊಳೆಯುವುದು, ತಳ್ಳುವುದು, ನಟ್ಟು ಬಿಗಿಯುವುದು ಮಾಡುತ್ತಿದ್ದರು. ಅಷ್ಟು ಸಾಲದೆಂದು ಮನೆಗೆ ಬಂದ ಮೇಲೆ ಪುಟ್ಟ ವಿಮಾನಗಳನ್ನು ಕಟ್ಟುತ್ತಾ ಕೂರುತ್ತಿದ್ದರು. ಹತ್ತಿಯಷ್ಟು ಹಗುರವಾದ ಬಾಲ್ಸಾ ಎನ್ನುವ ಮರದ ಕಡ್ಡಿಗಳು, ಬಿದಿರಿನ ಸಿಬರು, ಅಂಟು. ಎಂಜಿನ್ನು ಗಿಂಜಿನ್ನು ಏನೂ ಇಲ್ಲ. ಉದ್ದ ದಾರ ಕಟ್ಟಿ ಓಡಿದರೆ ಗಾಳಿಪಟದಂತೆ ಏರಿ, ದಾರ ಕಳಚಿಕೊಂಡು, ಆಮೇಲೆ ತಾನೇ ತೇಲಬೇಕು. ದೊಡ್ಡಮ್ಮ, "ಮದ್ವೆ ವಯಸ್ಸಿನ್ ಗಂಡ್ಸು ಕಡ್ಡಿ ಜೋಡಿಸ್ಕೊಂಡ್ ಕೂತವ್ನೆ" ಎಂದು ನೆರೆಯವರ ಮುಂದೆ ಹೇಳಿಕೊಂಡು ಅಳುತ್ತಿದ್ದರು.

ನಾನು ಇದರೊಳಗೆ ಬಿದ್ದದ್ದು ಹೊಟ್ಟೆಯುರಿ ತಾಳಲಾರದೆ. ಸೀರೆ ಮಡಿಸಲು ಬಾರದ ಗಂಡಸು ರೆಕ್ಕೆಗೆ ರೇಷ್ಮೆ ಹೊದಿಸುತ್ತಿದ್ದರು. ಮನೆಯ ಮಗ್ಗದಿಂದಲೇ ಕತ್ತರಿಸಿದ ತೆಳು ಬಟ್ಟೆ, ಅದನ್ನು ಓರೆಯಾಗಿ ಎಳೆದು, ಒಂದು ಕಡೆ ಸುಕ್ಕು, ಒಂದು ಕಡೆ ಜೋಲು. ರೇಷ್ಮೆಯ ಮನೆಯಲ್ಲಿ ಹುಟ್ಟಿ ರೇಷ್ಮೆಗೆ ಹೀಗೆ ಮಾಡುವುದುಂಟೇ? "ಕೊಡಿ ಇಲ್ಲಿ" ಎಂದು ಕಸಿದುಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಮುಂದೆ ಓದಿಸುವುದೋ ಬೇಡವೋ ಎಂದು ಹಿರಿಯರು ಯೋಚಿಸುತ್ತಿದ್ದ ಕಾಲ ಅದು. ಹೀಗಾಗಿ ಹಗಲು ಪೂರ್ತಿ ನನ್ನದೇ.

ಬಟ್ಟೆಯನ್ನು ಒದ್ದೆ ಮಾಡಿ ಹೊದಿಸಬೇಕು, ಎಳೆ ರೆಕ್ಕೆಯ ಉದ್ದಕ್ಕೆ ನೇರ ಹೋಗಬೇಕು, ಅಂಚನ್ನು ಮಾತ್ರ ಅಂಟಿಸಬೇಕು. ಒಣಗಿದಾಗ ತಾನೇ ಬಿಗಿಯುತ್ತದೆ. ಅದರ ಮೇಲೆ ಡೋಪು. ಹೌದು, ಅದರ ಹೆಸರೇ ಅದು. ಚಿಕ್ಕಪ್ಪ ಬೆಂಗಳೂರಿನಿಂದ ಪುಟ್ಟ ಡಬ್ಬಿಯಲ್ಲಿ ತರುತ್ತಿದ್ದರು. ಬಣ್ಣವಿಲ್ಲದ, ಜೇನಿಗಿಂತ ತೆಳುವಾದ ಒಂದು ದ್ರವ. ಮುಚ್ಚಳ ತೆಗೆದರೆ ಮನೆ ತುಂಬ ಈ ಉಗುರುಬಣ್ಣದ ವಾಸನೆ. ಅದಕ್ಕೆ ಅಷ್ಟೇ ಥಿನ್ನರು ಬೆರೆಸಿ, ಮೆತ್ತನೆಯ ಕುಂಚದಲ್ಲಿ ಒಂದು ಕೈ ಸವರಬೇಕು. ಎಳೆಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಗಾಳಿ ಸೋರುವುದು ನಿಲ್ಲುತ್ತದೆ. ಒಣಗಿದ ಮೇಲೆ ಇನ್ನೊಂದು ಕೈ. ಮೂರನೆಯದಕ್ಕೆ ಎರಡು ತೊಟ್ಟು ಹರಳೆಣ್ಣೆ ಹಾಕಬೇಕು. ಹಾಕದಿದ್ದರೆ ಅದು ವಾರಗಟ್ಟಲೆ ಬಿಗಿಯುತ್ತಲೇ ಹೋಗಿ ರೆಕ್ಕೆಯನ್ನು ಹಪ್ಪಳದ ಹಾಗೆ ಸೊಟ್ಟ ಮಾಡಿಬಿಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸುವುದೇ ಈ ಕೆಲಸದಲ್ಲಿ ಕಷ್ಟ. ಕುಂಚ ಕೈಯಲ್ಲಿದೆ, ಡಬ್ಬಿಯಲ್ಲಿ ಇನ್ನೂ ಇದೆ, ಮಿಂಚು ಇನ್ನಷ್ಟು ಬರುತ್ತದೆ ಎಂದು ಮನಸ್ಸು ಹೇಳುತ್ತದೆ. ನಿಲ್ಲಿಸಬೇಕು.

ಇದೆಲ್ಲ ನನಗೆ ಹುಟ್ಟುತ್ತಲೇ ಬಂದಿರಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮೊದಲ ರೆಕ್ಕೆಗೆ ಬಳಿದೆ. ನೋಡನೋಡುತ್ತ ಅದು ಬೆಳ್ಳಗೆ ಮಂಕಾಗಿ, ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಕೂತಿತು. ಅದಕ್ಕೆ ತೇವದ ಗಾಳಿ ಆಗುವುದಿಲ್ಲವಂತೆ. "ಬಿಸ್ಲು ನೋಡ್ಕೊಂಡ್ ಬಳೀಬೇಕು ಕಣೇ, ಸಂಡಿಗೆ ಇಟ್ಟಂಗೆ" ಎಂದು ಚಿಕ್ಕಪ್ಪ ಆಮೇಲೆ ಹೇಳಿದರು. ಮೊದಲೇ ಹೇಳಲು ಅವರಿಗೇನಾಗಿತ್ತು? ಎರಡನೆಯ ರೆಕ್ಕೆಯನ್ನು ಹಲಗೆಯ ಮೇಲೆ ಒತ್ತಿಡದೆ ಒಣಗಿಸಿ ಸೊಟ್ಟ ಮಾಡಿದೆ. ಮೂರನೆಯದು ಕೈಹಿಡಿಯಿತು. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ನುಡಿಯಿತು. ರೇಷ್ಮೆ ತೂಗುವ ತಕ್ಕಡಿ ಮನೆಯಲ್ಲೇ ಇತ್ತಲ್ಲ, ಒಂದೊಂದು ಕೈ ಬಳಿದ ಮೇಲೂ ತೂಗಿ ನೋಡುತ್ತಿದ್ದೆ. ತಟ್ಟೆ ಅಲುಗಿದರೆ ಎದೆ ಹಾರುತ್ತಿತ್ತು.

ಇನ್ನು ಬಣ್ಣ. ಬಣ್ಣದ ಡೋಪೂ ಸಿಗುತ್ತಿತ್ತು. ಆದರೆ ಅದರಲ್ಲಿ ಪುಡಿ ಇರುತ್ತದೆ, ಪುಡಿಗೆ ಭಾರವಿರುತ್ತದೆ. ಬಣ್ಣ ಕಾಣಬೇಕು, ತೂಕ ಕಾಣಬಾರದು, ಇದು ಚಿಕ್ಕಪ್ಪನ ಗೋಳು. ಇದಕ್ಕೆ ಯೋಚನೆ ಯಾಕೆ ಎನಿಸಿತು ನನಗೆ. ನಮ್ಮ ಮನೆಯಲ್ಲಿ ಸೀರೆಗೆ ಬಣ್ಣ ಬಳಿಯುತ್ತಾರೆಯೇ? ನೂಲನ್ನೇ ಬಣ್ಣದಲ್ಲಿ ಅದ್ದುತ್ತಾರೆ. ಬಟ್ಟೆಯನ್ನು ಮೊದಲು ಬಣ್ಣದ ಹಂಡೆಯಲ್ಲಿ ಅದ್ದಿ ಕನಕಾಂಬರದ ಬಣ್ಣ ಬರಿಸಿದೆ. ಅದನ್ನು ಹೊದಿಸಿ ಮೇಲೆ ಬರೀ ಡೋಪು ಸವರಿದೆ. ತಕ್ಕಡಿ ಮಿಸುಕಲಿಲ್ಲ. ಬೆಳಕಿಗೆ ಹಿಡಿದರೆ ರೆಕ್ಕೆ ಪೂರ್ತಿ ಬೆಳಗುತ್ತಿತ್ತು, ಒಳಗಿನ ಕಡ್ಡಿಗಳೆಲ್ಲ ಗೆರೆ ಎಳೆದ ಹಾಗೆ ಕಾಣುತ್ತಿದ್ದವು. ಅಷ್ಟು ಚೆಂದದ ವಸ್ತುವನ್ನು ನಾನು ಆಮೇಲೆ ನನ್ನ ಕೈಯಾರೆ ಮಾಡಿದ್ದಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಚಿಕ್ಕಪ್ಪ ಆ ಮಾದರಿಯ ಒಂದು ಚಿಕ್ಕ ತುಂಡು ರೆಕ್ಕೆಯನ್ನು ಕೆಲಸದ ಜಾಗಕ್ಕೆ ತೆಗೆದುಕೊಂಡು ಹೋದರು. ಆ ಶಾಲೆಯಲ್ಲೂ ಎಂಜಿನ್ನಿಲ್ಲದೆ ತೇಲುವ ದೊಡ್ಡ ವಿಮಾನಗಳಿದ್ದವು, ಮನುಷ್ಯರು ಕೂರುವಂಥವು. ಅವುಗಳ ರೆಕ್ಕೆಯ ಮೇಲೂ ಬಟ್ಟೆಯೇ. ಬಟ್ಟೆ ಹೊದಿಸಿ ಡೋಪು ಬಳಿಯುವುದಕ್ಕೆಂದೇ ಅಲ್ಲಿ ಒಂದು ಕೋಣೆ, ಅದನ್ನು ನೋಡಿಕೊಳ್ಳುವ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರು ರೆಕ್ಕೆಯನ್ನು ತಟ್ಟಿ, ಕಿವಿಯ ಹತ್ತಿರ ಹಿಡಿದು, ಇದನ್ನು ಮಾಡಿದವರು ಯಾರು ಎಂದು ಕೇಳಿದರಂತೆ. ಅಣ್ಣನ ಮಗಳು ಎಂದರಂತೆ ಚಿಕ್ಕಪ್ಪ. ಕೋಣೆಯಲ್ಲಿ ಹೊಲಿಗೆಗೆ ಇಬ್ಬರು ಹೆಂಗಸರಿದ್ದಾರೆ, ಬಳಿಯುವುದಕ್ಕೆ ಒಂದು ಹಗುರ ಕೈ ಬೇಕಾಗಿದೆ, ಪೂರ್ತಿ ವಿಮಾನ ಮಾಡಿಸು, ಹುಡುಗಿಯನ್ನೂ ಕರೆದುಕೊಂಡು ಬಾ, ಹಾರುವುದನ್ನು ನೋಡಿ ಹೇಳುತ್ತೇನೆ ಎಂದರಂತೆ.

ಅದನ್ನು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಹಸಿವೇ ಆಗಲಿಲ್ಲ. ಕೆಲಸ. ನನಗೆ. ಅದೂ ವಿಮಾನಕ್ಕೆ ಬಟ್ಟೆ ತೊಡಿಸುವ ಕೆಲಸ. ದೊಡ್ಡಪ್ಪ ಒಪ್ಪುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ಅವರು ಹುರಿಮೀಸೆ ತಿರುವಿಕೊಂಡು ಸ್ವಲ್ಪ ಹೊತ್ತು ಮೇಲೆ ನೋಡಿ, "ಹೋಗ್ಲಿ ಬಿಡು, ಅಲ್ಲೂ ಬಟ್ಟೆ ಕೆಲ್ಸ ತಾನೆ. ನಮ್ ಕುಲ್ದೋರು ದೇವರಿಗೇ ಬಟ್ಟೆ ನೇಯ್ದವರು, ಇಮಾನ ಯಾವ್ ಲೆಕ್ಕ?" ಎಂದರು. ಅವರ ಕಾಲಿಗೆ ಬಿದ್ದೆ. ಈಗ ಯೋಚಿಸಿದರೆ ಆ ದಿನವೇ ನನಗೆ ಅನುಮಾನ ಬರಬೇಕಿತ್ತು. ನಮ್ಮ ಕಡೆಯ ಹಿರಿಯರು ಒಂದು ಕೆಲಸಕ್ಕೆ ಅಡ್ಡ ಬಂದರೆ ಹೇಗಾದರೂ ದಾಟಿಕೊಳ್ಳಬಹುದು. ಅವರು ಅಭಿಮಾನಪಟ್ಟು ಕೈ ಜೋಡಿಸಲು ಬಂದರೆ ದೇವರೇ ಗತಿ.

ವಿಮಾನ ಭಾದ್ರಪದದ ಬಿಸಿಲಲ್ಲಿ ತಯಾರಾಯಿತು. ರೆಕ್ಕೆ ನನ್ನ ಎರಡು ತೋಳು ಚಾಚಿದಷ್ಟು ಅಗಲ. ಒಂದು ಬೆಳಿಗ್ಗೆ ಕೆರೆಯಂಗಳದಲ್ಲಿ ಚಿಕ್ಕಪ್ಪ ದಾರ ಹಿಡಿದು ಓಡಿದರು. ಅದು ಏರಿತು. ದಾರ ಬಿಟ್ಟಿತು. ಬಿಟ್ಟು ಕೆರೆಯ ಏರಿಯ ಮೇಲೆ ದೊಡ್ಡದೊಂದು ಸುತ್ತು ಹಾಕಿತು, ಅವಸರವೇ ಇಲ್ಲ ಅದಕ್ಕೆ. ಬಿಸಿಲು ಅದರ ಮೈಯೊಳಗಿಂದ ಹಾದು ಬರುತ್ತಿತ್ತು. ದನ ಮೇಯಿಸುವವರು ಕೈ ಅಡ್ಡ ಹಿಡಿದು ನೋಡುತ್ತ ನಿಂತರು. ಅದು ಬಂದು ಹುಲ್ಲಿನ ಮೇಲೆ ಇಳಿದಾಗ ಚಿಕ್ಕಪ್ಪ ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟರು. ಅದು ಹಾರುತ್ತಿತ್ತು ಎನ್ನುವುದನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ನನ್ನ ಕಣ್ಣಾರೆ ನೋಡಿದ್ದೇನೆ.

ಮೇಷ್ಟ್ರಿಗೆ ತೋರಿಸುವ ದಿನ ಗೊತ್ತು ಮಾಡಿದವರೂ ದೊಡ್ಡಪ್ಪನೇ. ವಿಜಯದಶಮಿ. ಒಳ್ಳೆಯ ಕೆಲಸಕ್ಕೆ ಹೊರಡಲು ಅದಕ್ಕಿಂತ ಒಳ್ಳೆಯ ದಿನ ಉಂಟೇ? ಅದಕ್ಕೆ ಎರಡು ಮೂರು ದಿನ ಮೊದಲು ನಾನು ತೂಬಗೆರೆಗೆ ಹೋದೆ. ಅಲ್ಲಿ ಸೋದರಮಾವನ ಮನೆಯಲ್ಲಿದ್ದ ಅಜ್ಜಿಯನ್ನು ಹಬ್ಬಕ್ಕೆ ಕರೆತರಬೇಕಿತ್ತು. ವಿಮಾನವನ್ನು ಮಗ್ಗದ ಕೋಣೆಯ ಮೂಲೆಯಲ್ಲಿ ಹಲಗೆಯ ಮೇಲಿಟ್ಟು, ಹಳೆಯ ಮಲ್‌ಪಂಚೆ ಹೊದಿಸಿ, ಮಕ್ಕಳಿಗೆಲ್ಲ "ಮುಟ್ಟಿದ್ರೆ ಕೈ ಮುರೀತೀನಿ" ಎಂದು ಹೇಳಿ ಹೋದೆ. ದೊಡ್ಡವರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ನೇಕಾರರ ಮನೆಯ ಆಯುಧಪೂಜೆ ನಿಮಗೆ ಗೊತ್ತಿಲ್ಲದಿದ್ದರೆ ಸ್ವಲ್ಪ ಹೇಳುತ್ತೇನೆ. ವರ್ಷವಿಡೀ ಎಣ್ಣೆ, ಧೂಳು, ಎಳೆಯ ಚೂರು ಮೆತ್ತಿಕೊಂಡ ಮಗ್ಗಗಳನ್ನು ಆಗ ಉಜ್ಜಿ ತೊಳೆದು ಹೊಸ ಬಣ್ಣ ಹೊಡೆಸುತ್ತಾರೆ. ಆಮೇಲೆ ಲಾಳಿ, ಕತ್ತರಿ, ತಕ್ಕಡಿ, ಸೈಕಲ್ಲು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ, ಗಂಧ, ಕುಂಕುಮ, ಹೂವು. ಅನ್ನ ಕೊಡುವ ಸಾಮಾನುಗಳಿಗೆ ವರ್ಷಕ್ಕೊಂದು ದಿನ ಮರ್ಯಾದೆ. ನನಗೆ ಬಹಳ ಪ್ರೀತಿಯ ಹಬ್ಬ ಅದು. ಈಗಲೂ ನನ್ನ ಹೊಲಿಗೆ ಮಿಷನ್ನಿಗೆ ಹೂ ಏರಿಸದೆ ಕಾಫಿ ಕುಡಿಯುವುದಿಲ್ಲ. ಹಬ್ಬದ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಹೇಳಿ, ಬಣ್ಣ ಕಂಡರೆ ನಮ್ಮ ಜನಕ್ಕೆ ಏನಾಗುತ್ತದೆ? ನೂರಾರು ವರ್ಷದ ಕಲ್ಲಿನ ಬಸವಣ್ಣ ತನ್ನ ಪಾಡಿಗೆ ಕರ್‍ರಗೆ ನುಣ್ಣಗೆ ಕೂತಿರುತ್ತಾನೆ, ಅವನಿಗೆ ಪೇಂಟು. ಎಳೆ ಎಳೆಯಾಗಿ ಕೆತ್ತಿದ ಬಾಗಿಲು, ಅದರ ಮೇಲೆ ಗಟ್ಟಿ ಪೇಂಟು. ಇದ್ದದ್ದು ಇದ್ದ ಹಾಗೆ ಚೆನ್ನಾಗಿದೆ ಎಂದು ಒಬ್ಬನಾದರೂ ಹೇಳಬೇಡವೇ?

ಆಯುಧಪೂಜೆಯ ಬೆಳಿಗ್ಗೆ ಅಜ್ಜಿಯ ಗಂಟು ಹೊತ್ತುಕೊಂಡು ಮನೆಗೆ ಬಂದೆ. ಬಾಗಿಲಲ್ಲೇ ದೊಡ್ಡಪ್ಪ ನಿಂತಿದ್ದರು, ಮುಖ ಊರಗಲ. "ಬಾ ಮಗಳೆ, ಒಳಗ್ ಬಂದ್ ನೋಡು" ಎಂದು ಮಗ್ಗದ ಕೋಣೆಗೆ ಕರೆದೊಯ್ದರು. ಮಗ್ಗಗಳು ಹಸಿರು ಬಣ್ಣ ಹೊಡೆಸಿಕೊಂಡು ನಿಂತಿದ್ದವು. ಅವುಗಳ ಮುಂದೆ ಮಣೆಯ ಮೇಲೆ, ಅದೇ ಹಸಿರು ಬಣ್ಣ ಹೊಡೆಸಿಕೊಂಡು, ನನ್ನ ವಿಮಾನ.

ಕಬ್ಬಿಣಕ್ಕೆ ಬಳಿಯುವ ಎನಾಮಲ್ ಪೇಂಟು ಅದು. ಒಂದು ಕೈ ಬಳಿದರೆ ಕನಕಾಂಬರ ಒಳಗಿಂದ ಇಣುಕುತ್ತದೆಂದು ಎರಡು ಕೈ ಬಳಿಸಿದ್ದರು. ಸುತ್ತ ಕೆಂಪು ಅಂಚು, ಸೀರೆಗೆ ಇದ್ದ ಹಾಗೆ. ರೆಕ್ಕೆಯ ಮೇಲೆ ಹಳದಿ ಅಕ್ಷರದಲ್ಲಿ 'ಶ್ರೀ ಚೌಡೇಶ್ವರಿ ಪ್ರಸನ್ನ'. ಮೂಗಿಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಕೊರಳಿಗೆ ಒಂದು ನಿಂಬೆಹಣ್ಣು. ಪ್ರತಿ ವರ್ಷ ಮಗ್ಗಕ್ಕೆ ಬಣ್ಣ ಹೊಡೆಯಲು ಬರುತ್ತಿದ್ದ, ಲಾರಿಗಳ ಮೇಲೆ ಅಕ್ಷರ ಬರೆಯುವ ಮುನಿಸ್ವಾಮಿಯ ಕೈಕೆಲಸ. ಬಾಲದ ಮೇಲೆ 'ಹಾರ್ನ್ ಪ್ಲೀಸ್' ಬರೆಯಲೇ ಎಂದು ಅವನು ಕೇಳಿದನಂತೆ, ದೊಡ್ಡಪ್ಪ ಬೇಡ ಎಂದರಂತೆ. ಅಷ್ಟು ವಿವೇಚನೆ ಅವರಿಗಿತ್ತು.

"ಹೆಂಗದೆ?" ಎಂದರು ದೊಡ್ಡಪ್ಪ. ನಾನು ಅಜ್ಜಿಯ ಗಂಟನ್ನು ಕೆಳಗಿಟ್ಟೆ. ಅವರೇ ಮುಂದುವರಿಸಿದರು. "ಪಂಚೆ ತೆಗ್ದ್ ನೋಡ್ತೀನಿ, ಒಳಗಿನ್ ಎಲುಬೆಲ್ಲಾ ಎಣಿಸ್ಬೋದು. ಬಡವ್ರ ಮನೆ ಹಸ ಇದ್ದಂಗಿತ್ತು. ನಾಳೆ ನಾಕ್ ಜನ ದೊಡ್ಡೋರ ಮುಂದೆ ಇದನ್ನ ಇಟ್ರೆ ನಮ್ ಮಗಿಗೆ ಬಣ್ಣಕ್ಕೂ ಗತಿಯಿಲ್ಲ ಅಂದ್ಕೊಳಲ್ವಾ? ಅದಕ್ಕೇ ಮುನಿಸ್ವಾಮಿಗೆ ಹೇಳ್ದೆ, ಮಗ್ಗ ಆಮ್ಯಾಕಾಗ್ಲಿ, ಮೊದ್ಲು ಇದಕ್ಕೆ ಹೊಡಿ ಅಂತ." ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು, ಉಡುಗೊರೆ ಕೊಟ್ಟವರು ನೋಡುವ ಹಾಗೆ.

ಕೇಡು ಬಯಸಿ ಮಾಡಿದ್ದರೆ ನಾನು ಕಿರುಚಿ ಅತ್ತು ರಂಪ ಮಾಡುತ್ತಿದ್ದೆ. ಪ್ರೀತಿಯಿಂದ ಮಾಡಿದ್ದಕ್ಕೆ ಏನು ಮಾಡುವುದು? ಆದರೂ ಬಣ್ಣ ಕೆರೆಯಬಹುದೇನೋ, ಸೀಮೆಎಣ್ಣೆಯಲ್ಲಿ ಮೆಲ್ಲಗೆ ಒರೆಸಬಹುದೇನೋ ಎಂದು ಕೈ ಚಾಚಿದೆ. ಅಜ್ಜಿ ಹಿಂದಿನಿಂದ ನನ್ನ ಕೈಗೆ ಪಟ್ಟೆಂದು ಹೊಡೆದರು. "ಪೂಜೆಗಿಟ್ಟ ಆಯುಧ ಮುಟ್ತಾರೇನೇ?" ಆಯಿತಲ್ಲ. ಆಯುಧಪೂಜೆಯ ದಿನ ಪೂಜೆಯಾದ ಸಾಮಾನನ್ನು ಮಾರನೆಯ ಬೆಳಿಗ್ಗೆವರೆಗೆ ಮುಟ್ಟಬಾರದು. ಮಗ್ಗವೂ ಆಡಬಾರದು, ಕತ್ತರಿಯೂ ಆಡಬಾರದು. ಇಡೀ ದಿನ ಒಬ್ಬಟ್ಟಿಗೆ ಹೂರಣ ರುಬ್ಬುತ್ತ ಅಡುಗೆಮನೆಯಿಂದ ಅದನ್ನು ನೋಡುತ್ತಿದ್ದೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಊದುಬತ್ತಿಯ ಬೂದಿ ಹಾರಿ ಹಾರಿ ಅದರ ಮೇಲೆ ಕೂರುತ್ತಿತ್ತು.

ಸಂಜೆ ಚಿಕ್ಕಪ್ಪ ಬಂದರು. ಒಂದು ಸಲ ನೋಡಿ ಅಲ್ಲೇ ಹೊಸಲಿನ ಮೇಲೆ ಕೂತುಬಿಟ್ಟರು. ಚಿಕ್ಕಪ್ಪನ ಮೇಲೂ ನನಗೆ ಸಿಟ್ಟಿದೆ, ಅದು ಬೇರೆಯದೇ ಸಿಟ್ಟು. ಮನೆಯಲ್ಲಿ ತೂಕದ ವಿಷಯ ಬಲ್ಲ ಗಂಡಸು ಅವರೊಬ್ಬರೇ. ನಾನು ಕಣ್ಣಲ್ಲೇ 'ಹೇಳಿ, ಹೇಳಿ' ಎಂದೆ. ಅವರು ಎದ್ದು ಹೋಗಿ, "ಅಣ್ಣ, ತೂಕ ಸ್ವಲ್ಪ..." ಎಂದು ನಿಲ್ಲಿಸಿದರು.

"ಏನ್ಲಾ ತೂಕ?" ಎಂದರು ದೊಡ್ಡಪ್ಪ. "ಬೆಂಗ್ಳೂರಿಂದ ಡೆಲ್ಲಿಗೆ ಹೋಗೋದು ಪೂರಾ ಲೋಹದ್ದಂತೆ. ಒಳಗೆ ಜನ, ಅವ್ರ ಪೆಟ್ಟಿಗೆ. ಅದೇ ಹಾರತ್ತೆ. ಇದಕ್ಕೆ ಒಂದ್ ಮುಷ್ಟಿ ಬಣ್ಣ ಭಾರವಾ?"

ಇದಕ್ಕೆ ಉತ್ತರವಿದೆ. ಆ ವಿಮಾನಗಳಿಗೆ ಎಂಜಿನ್ನಿದೆ. ನಮ್ಮದಕ್ಕೆ ಇದ್ದದ್ದು ಹಗುರ ಮೈ ಒಂದೇ, ಅದನ್ನು ನೀವು ಕಿತ್ತುಕೊಂಡಿರಿ ಎನ್ನಬೇಕಿತ್ತು. ಅಣ್ಣನ ಎದುರು ಎಂದೂ ಕೂತು ಮಾತಾಡದ ಚಿಕ್ಕಪ್ಪ, "ಅದೂ ಸರೀನೆ" ಎಂದು ಕೈಕಾಲು ತೊಳೆಯಲು ಹೋದರು. ನಮ್ಮ ಮನೆಯಲ್ಲಿ ಮರ್ಯಾದೆ ಎಂದರೆ ಅದು. ಗೊತ್ತಿದ್ದವರು ಬಾಯಿ ಮುಚ್ಚಿಕೊಳ್ಳುವುದು, ಗೊತ್ತಿಲ್ಲದವರು ಮೀಸೆ ತಿರುವುವುದು.

ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟೆವು. ದೊಡ್ಡಪ್ಪ ಮದುವೆಗೆ ಹೋಗುವವರ ಹಾಗೆ ಕೋಟು, ಪೇಟ ತೊಟ್ಟಿದ್ದರು. ಬಸ್ಸಿನಲ್ಲಿ ವಿಮಾನವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ನಮ್ಮ ಮಗು ಮಾಡಿದ್ದು ಎಂದು ಹೇಳಿದರು. ಒಬ್ಬರಂತೂ ಬಣ್ಣ ಬಹಳ ಗಟ್ಟಿಯಾಗಿ ಕೂತಿದೆ ಎಂದು ಹೊಗಳಿದರು. ನಾನು ಕಿಟಕಿಯ ಕಡೆ ತಿರುಗಿ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ಒಳ್ಳೆ ಗಾಳಿ ಕೊಡು, ಇವತ್ತೊಂದು ದಿನ ಹೇಗಾದರೂ ಎತ್ತಿಹಿಡಿ. ರೆಕ್ಕೆಯ ಮೇಲೆ ಹೆಸರು ಬರೆಸಿಕೊಂಡ ಚೌಡೇಶ್ವರಮ್ಮನಿಗೂ ಸ್ವಲ್ಪ ಜವಾಬ್ದಾರಿ ಇರಬೇಕಲ್ಲ.

ಮೇಷ್ಟ್ರು ಶಾಲೆಯ ಬಯಲಿನ ಆಚೆ ಬದಿಯಿಂದ ನಡೆದು ಬಂದರು. ತೆಳ್ಳಗಿನ ಮನುಷ್ಯ, ಖಾಕಿ ಚಡ್ಡಿ, ಕಿವಿಯ ಮೇಲೊಂದು ಪೆನ್ಸಿಲ್ಲು. ನನ್ನನ್ನು ನೋಡಿ ತಲೆಯಾಡಿಸಿದರು. ವಿಮಾನವನ್ನು ನೋಡಿ, ಹಾರಿಸು ಎಂದು ಚಿಕ್ಕಪ್ಪನಿಗೆ ಕೈಸನ್ನೆ ಮಾಡಿದರು. ಚಿಕ್ಕಪ್ಪ ನಿಂಬೆಹಣ್ಣು ಬಿಚ್ಚಿ ಜೇಬಿಗೆ ಹಾಕಿಕೊಂಡು, ದಾರ ಕಟ್ಟಿ, ಓಡಿದರು. ಪಾಪ, ಜೀವ ಬಿಟ್ಟು ಓಡಿದರು. ಅದು ತೆಂಗಿನ ಮರದಷ್ಟು ಎತ್ತರಕ್ಕೆ ತೆವಳಿಕೊಂಡು ಹೋಯಿತು. ಅಲ್ಲಿ ದಾರ ಬಿಟ್ಟಿತು. ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದವರಂತೆ ನಿಂತು, ಆಮೇಲೆ ಮೂಗು ಕೆಳಗೆ ಮಾಡಿ ನೆಟ್ಟಗೆ ಬಂದು ನೆಲಕ್ಕೆ ಬಡಿಯಿತು. ತೇಲಲೇ ಇಲ್ಲ. ಸುತ್ತು ಹಾಕುವ ಮಾತಂತೂ ದೂರ.

ಮೇಷ್ಟ್ರು ಅದನ್ನು ಎತ್ತಿಕೊಂಡರು. ಅಂಗೈ ಮೇಲಿಟ್ಟು ತೂಕ ನೋಡಿದರು. ತಟ್ಟಿದರು. ಮಣ್ಣಿನ ಗೋಡೆ ತಟ್ಟಿದ ಹಾಗೆ ಒಂದು ಸದ್ದು. ರೆಕ್ಕೆಯ ಮೇಲೆ ಹೆಬ್ಬೆರಳು ಎಳೆದರು. ಹಸಿರು ಬಣ್ಣ ಬೆರಳಿಗೆ ಅಂಟಿಕೊಂಡು ಬಂತು. "ಯಾರು ಬಳಿದದ್ದು ಇದನ್ನ?" ಎಂದು ಕೇಳಿದರು.

ಆ ಬಣ್ಣ ನನ್ನದಲ್ಲ. ಇಷ್ಟೇ ಹೇಳಬೇಕಿದ್ದದ್ದು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ಒಂದು ಹೆಜ್ಜೆ ಮುಂದೆ ಬಂದು, ಪೇಟ ಸರಿಮಾಡಿಕೊಂಡು, ಕೈಮುಗಿದು, "ನಮ್ ಮಗೂನೇ ಸ್ವಾಮಿ. ಒಂದ್ ಹನಿ ಬೇರೆಯವ್ರದ್ದಿಲ್ಲ, ಪೂರ್ತಿ ಅವಳದೇ ಕೈ" ಎಂದರು.

ಹೊರಗಿನವರ ಮುಂದೆ, ಪೇಟ ತೊಟ್ಟು ಕೈಮುಗಿದು ನಿಂತ ದೊಡ್ಡಪ್ಪನನ್ನು ಸುಳ್ಳು ಹೇಳುತ್ತಿದ್ದೀರಿ ಎನ್ನುವುದು ಹೇಗೆ? ತಂದೆಯಿಲ್ಲದ ನನ್ನನ್ನು ಸಾಕಿದವರು. ಚಿಕ್ಕಪ್ಪನ ಕಡೆ ನೋಡಿದೆ. ಅವರು ತಲೆ ಬಗ್ಗಿಸಿ ದಾರ ಸುತ್ತುತ್ತಿದ್ದರು. ಮೇಷ್ಟ್ರು ಕರ್ಚೀಫು ತೆಗೆದು ಹೆಬ್ಬೆರಳು ಒರೆಸಿಕೊಂಡರು. ಕೋಪವೇನೂ ಮಾಡಿಕೊಳ್ಳಲಿಲ್ಲ, ಮೆಲ್ಲಗೇ ಹೇಳಿದರು. "ಕೈ ಭಾರ ಇದೆಯಮ್ಮ ನಿಂದು. ಈ ಕೆಲಸಕ್ಕೆ ಆಗಲ್ಲ." ವಿಮಾನವನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಹೊರಟುಹೋದರು.

ಕೈ ಭಾರ. ನನ್ನದು. ಹರಳೆಣ್ಣೆಯ ತೊಟ್ಟು ಎಣಿಸಿ ಹಾಕುತ್ತಿದ್ದ ಕೈ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಮಾಡಿದವರು ದೊಡ್ಡಪ್ಪ, ಉಂಡವಳು ನಾನು. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಊರಿನ ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟೆ, ಬದುಕಿಗೇನೂ ಕೊರತೆಯಾಗಲಿಲ್ಲ. ಆ ಬಯಲಿಗೆ ಮಾತ್ರ ಮತ್ತೆ ಹೋಗಲಿಲ್ಲ. ಅಷ್ಟು ಹಳೆಯ ಸಿಟ್ಟನ್ನು, ಅದೂ ತೀರಿಕೊಂಡವರ ಮೇಲೆ, ಇಟ್ಟುಕೊಳ್ಳಬಾರದು ಎಂದು ನನ್ನ ಯಜಮಾನರು ಹೇಳುತ್ತಿರುತ್ತಾರೆ. ಅವರಿಗೇನು, ಅವರ ಕೈಯನ್ನು ಯಾರೂ ಭಾರ ಎಂದಿಲ್ಲ.

ಆ ದಿನ ಹಿಂತಿರುಗಿ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ದೊಡ್ಡಪ್ಪ ನಮ್ಮನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಹೆಣ್ಣುಮಕ್ಕಳನ್ನು ಹೋಟೆಲಿಗೆ ಕರೆದೊಯ್ಯುವವರಲ್ಲ ಅವರು. ನನಗೆಂದು ದೋಸೆ ಹೇಳಿದರು. "ಆ ಮನುಷ್ಯಂಗೆ ಬಣ್ಣದ್ ಗಂಧಗಾಳಿ ಇಲ್ಲ ಬಿಡು" ಎಂದರು. ನಾನು ದೋಸೆ ಮುರಿದೆ, ಬಾಯಿಗೆ ಹೋಗಲಿಲ್ಲ. ಬಯಲಿನಲ್ಲಿ ಬಾರದೆ ಹೋದ ಮಾತು ಆಗ ಬಂತು.

"ದೊಡ್ಡಪ್ಪ, ಆ ಬಣ್ಣ ನಾನು ಬಳಿದಿದ್ದಲ್ಲ."

ಚಿಕ್ಕಪ್ಪ ಲೋಟವನ್ನು ಮೇಜಿನ ಮೇಲಿಟ್ಟು ಬೇರೆ ಕಡೆ ನೋಡಿದರು. ದೊಡ್ಡಪ್ಪ ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. ತಮ್ಮ ಎಲೆಯಲ್ಲಿದ್ದ ಬೆಣ್ಣೆಯ ಮುದ್ದೆಯನ್ನು ಎತ್ತಿ ನನ್ನ ದೋಸೆಯ ಮೇಲಿಟ್ಟರು.

"ನಂಗ್ ಗೊತ್ತಿಲ್ವೇನಮ್ಮ?" ಎಂದರು. "ಅಷ್ಟ್ ದೊಡ್ಡೋರು ಬೆರಳಿಟ್ ನೋಡಿ ಯಾರ್ ಬಳಿದಿದ್ದು ಅಂತ ಕೇಳಿದ್ರು. ನಾನ್ ಬಳಿಸಿದ್ದು ಅಂದಿದ್ರೆ ಹೆಸ್ರು ನಂಗ್ ಬಂದ್ಬಿಡೋದು. ಈ ವಯಸ್ನಲ್ಲಿ ನಂಗ್ಯಾಕೆ ಹೆಸ್ರು? ನಿಂಗೇ ಬರ್ಲಿ ಅಂತ ಹಂಗಂದೆ."